ನೀರಕ್ಕನ ಅಂಗೈ

ನೀರಕ್ಕನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ಕೇಳಲು ಹೋದಾಗಲೆಲ್ಲ ‘ಮುಂದಿನ ವಾರ ಬಾ’ ಎನ್ನುತ್ತಾರೆ. ಆ ಮುಂದಿನ ವಾರ ನಾಲ್ಕು ತಿಂಗಳಿಂದ ಬಂದಿಲ್ಲ. ಕೊಡಬೇಕಾದವರು ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯೊಂದರ ಆಡಳಿತದವರು. ಕೊಡದಿರುವುದಕ್ಕೆ ಅವರು ಕೊಡುವ ಕಾರಣ ಆಕೆಯ ಕೈ. ಬರೀ ಕಾರಣ ಕೇಳಿದವರು ‘ಹೌದಲ್ಲ, ಸರಿಯೇ’ ಎನ್ನುತ್ತಾರೆ. ಕೈಯ ಕಥೆ ಕೇಳಿದ ಮೇಲೂ ಹಾಗೆನ್ನುತ್ತಾರೋ ನೋಡಬೇಕು.

ಆ ಮನೆಯಲ್ಲಿ ಹದಿನಾರು ಮಂದಿ ಮುದುಕರು, ಮುದುಕಿಯರು. ಬಚ್ಚಲು ಒಂದು, ಗೀಸರ್ ಒಂದು, ಸ್ನಾನ ಮಾಡಿಸುವವಳು ಒಬ್ಬಳು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ, ಇಪ್ಪತ್ತೆರಡು ವರ್ಷ, ಎಂಟು ಅಡಿ ಉದ್ದ ಐದು ಅಡಿ ಅಗಲದ ಆ ಬಚ್ಚಲೇ ಆಕೆಯ ಕಾರ್ಖಾನೆ. ಗೋಡೆಗೆ ಎರಡು ಹಿಡಿಕೆ, ನೆಲಕ್ಕೆ ರಬ್ಬರ್ ಚಾಪೆ, ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಜಾರದಿರಲೆಂದು ಅದರ ನಾಲ್ಕು ಕಾಲಿಗೂ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದವಳು ಅವಳೇ. ಹಾಜರಿ ಪುಸ್ತಕದಲ್ಲಿ ಆಕೆಗೆ ಬೇರೆ ಹೆಸರಿತ್ತು. ಜನರ ಬಾಯಲ್ಲಿ ನೀರಕ್ಕ.

ಕೆಲಸ ಯಾರೂ ಹೇಳಿಕೊಟ್ಟದ್ದಲ್ಲ, ಮುದಿ ಚರ್ಮವೇ ಹೇಳಿಕೊಟ್ಟಿತು. ಸೇರಿದ ಮೊದಲ ವರ್ಷ, ಮೇಲಿನವರ ಆಜ್ಞೆಯಂತೆ, ಹದಿನಾರು ಮಂದಿಗೂ ದಿನಾ ಸುಡುನೀರು ಹೊಯ್ದು, ಘಾಟು ಸೋಪು ಹಚ್ಚಿ, ಪಾತ್ರೆ ಬೆಳಗಿದ ಹಾಗೆ ಬೆಳಗಿದಳು. ಆ ಚಳಿಗಾಲ ಮನೆಯಿಡೀ ಕೆರೆತ. ಮೊಣಕಾಲ ಕೆಳಗಿನ ಚರ್ಮ ಒಣಗಿದ ಕೆರೆಯ ತಳದ ಹಾಗೆ ಬಿರಿಯಿತು. ಒಬ್ಬ ಅಜ್ಜಿಯ ಮುಂಗೈಯನ್ನು ಟವೆಲ್ಲಿನಿಂದ ಒಂದೇ ಒಂದು ಸಲ ಉಜ್ಜಿದ್ದಕ್ಕೆ ಈರುಳ್ಳಿ ಸಿಪ್ಪೆಯಂತೆ ಚರ್ಮ ಟವೆಲ್ಲಿಗೇ ಅಂಟಿ ಬಂತು. ಅಂದು ನೀರಕ್ಕ ಊಟ ಬಿಟ್ಟಳು. ಮರುದಿನದಿಂದ ಆಜ್ಞೆಯನ್ನೂ ಬಿಟ್ಟಳು.

ಆಮೇಲೆ ಅವಳದೇ ಕಾನೂನು. ಮೈತುಂಬ ಸ್ನಾನ ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಮುಖ, ಕಂಕುಳು, ತೊಡೆಸಂದಿ, ಪಾದ ಒರೆಸುವುದು. ಸೋಪು ಬೆವರುವ ಜಾಗಕ್ಕೆ ಮಾತ್ರ, ಕೈಕಾಲಿಗೆ ಬರೀ ನೀರು ಸಾಕು. ಟವೆಲ್ ಉಜ್ಜಲಿಕ್ಕಲ್ಲ, ಒತ್ತಲಿಕ್ಕೆ. ಮೈಯಲ್ಲಿ ಪಸೆ ಇರುವಾಗಲೇ ಲೋಷನ್ ಹಚ್ಚಬೇಕು, ಆರಿದ ಮೇಲೆ ಹಚ್ಚಿದರೆ ಕಲ್ಲಿಗೆ ಎಣ್ಣೆ ಸುರಿದಂತೆ. ಕಾಲ್ಬೆರಳ ಸಂದಿಗೆ ಮಾತ್ರ ಲೋಷನ್ ಬೇಡ. ಅಲ್ಲಿ ಒಣಗಿಸಬೇಕು, ಒಂದೊಂದು ಸಂದಿಯನ್ನೂ, ಮಗುವಿನ ಕಿವಿ ಒರೆಸುವ ಹಾಗೆ. ಮಲಗಿದಲ್ಲೇ ಇರುವವರ ಬೆನ್ನ ಕೆಳಗೆ, ಹಿಮ್ಮಡಿಗೆ ದಿನಾ ಕಣ್ಣು ಹಾಯಿಸಬೇಕು. ಎಲ್ಲಕ್ಕಿಂತ ಮೊದಲು, ಬಟ್ಟೆ ಬಿಚ್ಚುವ ಮುಂಚೆ ಕೇಳಬೇಕು. ‘ಮುಟ್ಟಲಾ?’ ಎಂದು ಕೇಳದೆ ಯಾರ ಮೈಯನ್ನೂ ಆಕೆ ಮುಟ್ಟಿದ್ದಿಲ್ಲ. ಮಾತು ಸತ್ತವರನ್ನೂ ಕೇಳುತ್ತಿದ್ದಳು, ಕಣ್ಣು ನೋಡಿ ಉತ್ತರ ತಿಳಿದುಕೊಳ್ಳುತ್ತಿದ್ದಳು.

ಇದಕ್ಕೆ ಒಪ್ಪದವರೆಂದರೆ ಟೀಚರಮ್ಮ. ನಲವತ್ತು ವರ್ಷ ಮಕ್ಕಳ ಉಗುರು ಪರೀಕ್ಷೆ ಮಾಡಿ ನಿವೃತ್ತಳಾದವಳು.

“ಇವತ್ತೂ ಬರೀ ಒರೆಸೋದಾ? ನನ್ನನ್ನೇನು ಮೇಜು ಅಂದ್ಕೊಂಡ್ಯಾ?”

“ಮೇಜಾಗಿದ್ರೆ ಉಜ್ಜಿ ಪಾಲಿಶ್ ಹಾಕ್ತಿದ್ದೆ ಟೀಚರಮ್ಮ. ನಿಮ್ಮ ಚರ್ಮ ಹರಿದ್ರೆ ಹೊಲಿಗೆ ಹಾಕೋರು ಯಾರು?”

“ನಾಚಿಕೆ ಇಲ್ಲ ನಿಂಗೆ. ಸೋಮಾರಿತನಕ್ಕೆ ವಿಜ್ಞಾನ ಹೇಳ್ತೀಯ.”

ಹೀಗೆ ಬೈಯುತ್ತಲೇ ತೋಳು ಚಾಚುತ್ತಿದ್ದಳು ಟೀಚರಮ್ಮ.

ಆ ಬಚ್ಚಲಿನ ಗೀಸರ್‌ನಲ್ಲಿ ಕಾವು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟು ಏಳು ತಿಂಗಳಾಗಿತ್ತು. ಒಮ್ಮೆ ಉಗುರುಬೆಚ್ಚಗೆ ಬರುವ ನೀರು ಮತ್ತೊಮ್ಮೆ ಕುದಿ ಬಂದ ಹಾಗೆ ಬುಸುಗುಡುತ್ತಿತ್ತು. ನೀರಕ್ಕ ಮ್ಯಾನೇಜರಮ್ಮನ ಮೇಜಿನ ಮುಂದೆ ಮೂರು ಸಲ ನಿಂತು ಹೇಳಿದಳು. ಮೂರನೆಯ ಸಲ ಮ್ಯಾನೇಜರಮ್ಮ ಪೆನ್ನು ಕೆಳಗಿಟ್ಟು ನಕ್ಕಳು.

“ಅದಕ್ಕೆಲ್ಲ ಮೇಲಿಂದ ಮಂಜೂರಾತಿ ಬರ್ಬೇಕು. ನಿನ್ನ ಕೈ ಇದೆಯಲ್ಲ ನೀರಕ್ಕ! ಅಂಥ ಕೈ ಯಾವ ಮಿಷನ್ನಿಗಿದೆ?”

ಹೊಗಳಿಕೆಗೆ ಮಂಜೂರಾತಿ ಬೇಕಿಲ್ಲ, ಅದು ಬಿಟ್ಟಿ ಸಿಗುತ್ತದೆ. ನೀರಕ್ಕ ಆ ಬಿಟ್ಟಿ ಮಾಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ನಿಜ ಹೇಳಬೇಕೆಂದರೆ ಹಿಗ್ಗಿದಳು. ಬಕೆಟ್ಟಿಗೆ ಅಂಗೈ ಅದ್ದಿ ‘ಹ್ಞೂಂ, ಸರಿ’ ಎನ್ನುವುದು ಅವಳ ಮುದ್ರೆ. ಇಪ್ಪತ್ತೆರಡು ವರ್ಷದಲ್ಲಿ ಆ ಮುದ್ರೆ ಸುಳ್ಳಾಗಿರಲಿಲ್ಲ. ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ಸೊಸೆ ಅದನ್ನು ನೋಡಿ, “ಅತ್ತೆ, ನೀವಿದ್ರೆ ಇಕ್ಕಳದ ಖರ್ಚು ಉಳೀತು” ಎಂದು ಕಿಚಾಯಿಸುತ್ತಿದ್ದಳು. ಅದಕ್ಕೂ ಹಿಗ್ಗಿದಳು.

ಆದರೆ ಈಚೆಗೆ ಬಚ್ಚಲಿನಲ್ಲಿ ಗೊಣಗಾಟ ಹೆಚ್ಚಿತ್ತು. “ಸ್ನಾನ ಮಾಡಿಸ್ತೀಯೋ ಬೇಯಿಸ್ತೀಯೋ?” ಎಂದು ಟೀಚರಮ್ಮ ಎರಡು ಸಲ ಕೇಳಿದ್ದಳು. ಇನ್ನೊಬ್ಬಳು ಮಗ್ಗು ಕಂಡರೆ ಹೆಗಲು ಕುಗ್ಗಿಸುತ್ತಿದ್ದಳು. ನೀರಕ್ಕ ತಣ್ಣೀರು ಬೆರೆಸಿ, ‘ವಯಸ್ಸಾಯ್ತು, ಎಲ್ಲಕ್ಕೂ ತಕರಾರು’ ಎಂದುಕೊಂಡು ಮುಂದಕ್ಕೆ ಹೋದಳು. ಬಾಯಿ ಇದ್ದವರು ಕೂಗಿದರು, ನೀರು ತಣ್ಣಗಾಯಿತು. ಬಾಯಿ ಇಲ್ಲದವರ ಗತಿ ಏನೆಂದು ಆಗ ಹೊಳೆಯಲಿಲ್ಲ.

ತಿಂಗಳ ಎಂಟನೆಯ ತಾರೀಕು, ಗುರುವಾರ. ಅಂದು ಕಂಡಕ್ಟರ ಸರದಿ.

ಕಂಡಕ್ಟರು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಸೀಟಿ ಊದಿದ ಮನುಷ್ಯ. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಪಾದ ಎರಡೂ ಮರಗಟ್ಟಿ ಹೋಗಿ, “ಕಾಲಿದೆಯೋ ಇಳಿದು ಹೋಯ್ತೋ ಅಂತ ಬಗ್ಗಿ ನೋಡಿ ತಿಳ್ಕೋಬೇಕು” ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂತೊಡನೆ ಗೋಡೆಯ ಹಿಡಿಕೆಯನ್ನು ಬಸ್ಸಿನ ಕಂಬಿಯಂತೆ ಹಿಡಿದು “ರೈಟ್!” ಎಂದರೆ ಮಾತ್ರ ನೀರು ಶುರು.

ಸಕ್ಕರೆಯವರ ಕಾಲನ್ನು ನೀರಿನಲ್ಲಿ ನೆನೆಸಬಾರದು ಎಂಬುದೂ ನೀರಕ್ಕನದೇ ಕಾನೂನು. ಆದರೆ ಅಂದು ಚಳಿ. ಕಾಲಿನ ಉಗುರು ಕತ್ತರಿಸಲಾಗದಷ್ಟು, ಕೊಂಬಿನಂತೆ ಗಟ್ಟಿಯಾಗಿತ್ತು.

“ಎರಡೇ ನಿಮಿಷ ಬೆಚ್ಚಗಿಡ್ತೀನಿ ಕಣಕ್ಕ. ಮುಂದಿನ ಸ್ಟಾಪಿಗೆ ತೆಗೀತೀನಿ.”

ಒಪ್ಪಿದಳು. ಟಬ್ಬಿಗೆ ನೀರು ಬಿಟ್ಟು, ಅಂಗೈ ಅದ್ದಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ‘ಹ್ಞೂಂ, ಸರಿ’ ಎಂದು ಎರಡು ಪಾದವನ್ನೂ ತಾನೇ ಎತ್ತಿ ಇಟ್ಟಳು. ಕಿಟಕಿ ಮುಚ್ಚಿದಳು. ಒಣ ಟವೆಲ್ ಹುಡುಕಿದಳು. ಕಂಡಕ್ಟರು ಯಾವುದೋ ಕಾಲದಲ್ಲಿ ಟಿಕೆಟ್ಟಿಲ್ಲದೆ ಕೋಳಿ ತಂದವನೊಬ್ಬನ ಕಥೆ ಹೇಳುತ್ತಿದ್ದರು. ನೀರಕ್ಕ ನಗುತ್ತಲೇ ಕೂತು ಬಲಗಾಲನ್ನು ಮೇಲೆತ್ತಿದಳು.

ನಗು ಅಲ್ಲೇ ನಿಂತಿತು. ಕಣಕಾಲಿನವರೆಗೆ ಗೆರೆ ಎಳೆದಂತೆ ಕೆಂಪು. ಕೆಂಪು ಕಾಲುಚೀಲ ಹಾಕಿದ ಹಾಗೆ.

“ಉರೀತಿದೆಯಾ?”

“ಎಲ್ಲಿ?”

ಆ ‘ಎಲ್ಲಿ’ ಕೇಳಿದ್ದೇ ತಡ, ನೀರಕ್ಕ ಎಡಗಾಲನ್ನೂ ಟಬ್ಬಿನಿಂದ ಎತ್ತಿದಳು. ಎರಡೂ ಕಾಲನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಳು. ಇಪ್ಪತ್ತು ನಿಮಿಷ, ಬೆನ್ನು ಮುರಿಯುವವರೆಗೆ ಹಿಡಿದೇ ಇದ್ದಳು. ಎಡಗಾಲು ತಿಳಿಯಾಯಿತು. ಬಲಗಾಲಿನ ಕಿರುಬೆರಳ ಬುಡದಲ್ಲಿ ಮಾತ್ರ ನೋಡನೋಡುತ್ತ ಹುಣಸೆ ಬೀಜದಷ್ಟು ಬೊಕ್ಕೆ ಎದ್ದಿತು.

ಅರ್ಧ ದಿನದ ಕೆಲಸಕ್ಕೆ ಬರುವ ಸಿಸ್ಟರ್ ಹನ್ನೊಂದಕ್ಕೆ ಬಂದು ನೋಡಿ, ಬೊಕ್ಕೆ ಒಡೆಯದಂತೆ ಪಟ್ಟಿ ಕಟ್ಟಿದಳು. “ಸಕ್ಕರೆ ಕಾಲು ನೀರಕ್ಕ. ಸಾಸಿವೆಯಷ್ಟು ಗಾಯ ಸಾಕು, ಬೆರಳು ಹೋಗೋಕೆ. ಡಾಕ್ಟರಿಗೆ ತೋರಿಸ್ಬೇಕು, ಇವತ್ತೇ.”

ಮ್ಯಾನೇಜರಮ್ಮ ಬಾಗಿಲು ಹಾಕಿದಳು. “ಡಾಕ್ಟರಿಗೆ ಕಳ್ಸಿದ್ರೆ ‘ಸುಟ್ಟ ಗಾಯ’ ಅಂತ ಬರೀತಾರೆ. ಬರೆದ್ರೆ ನಾಳೆ ಹದಿನಾರು ಮನೆಯವರೂ ಬಾಗಿಲಿಗೆ ಬರ್ತಾರೆ. ಕಂಡಕ್ಟರ ಮಗಳು ಹೋದ ವಾರ ಹೊಸ ಚಪ್ಪಲಿ ತಂದುಕೊಟ್ಟಿದ್ದಾಳಲ್ಲ? ಚಪ್ಪಲಿ ಕಚ್ಚಿತು. ಅಷ್ಟೇ. ಸಿಸ್ಟರ್, ಹಾಗೇ ಬರೀರಿ.” ಆಮೇಲೆ ನೀರಕ್ಕನ ಕಡೆ ತಿರುಗಿ, “ನಿನ್ನನ್ನ ಉಳಿಸೋಕೇ ಹೇಳ್ತಿದ್ದೀನಿ. ಈ ವಯಸ್ಸಲ್ಲಿ ಬೇರೆ ಯಾರು ಕೆಲ್ಸ ಕೊಡ್ತಾರೆ ನಿಂಗೆ?”

ಸಿಸ್ಟರ್ ತಲೆ ತಗ್ಗಿಸಿ ಬರೆದಳು. ನೀರಕ್ಕ ತಲೆ ತಗ್ಗಿಸಿ ಹೊರಗೆ ಬಂದಳು. ಮಗ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮನೆಯಲ್ಲಿ ಎದ್ದು ಓಡಾಡಿ ದುಡಿಯುವ ಕೈ ಅವಳದೊಂದೇ. ಆ ಕೈ ಇವತ್ತು ಏನು ಮಾಡಿತು ಎಂಬುದೇ ಆಕೆಗೆ ತಿಳಿಯುತ್ತಿರಲಿಲ್ಲ. ಅದ್ದಿದ್ದೆನಲ್ಲ? ಹಿಡಿದಿದ್ದೆನಲ್ಲ?

ಶುಕ್ರವಾರ ಆರು ಸಲ ಆ ಕೋಣೆಗೆ ಹೋದಳು. ಒಮ್ಮೆ ದಿಂಬು ಸರಿಪಡಿಸುವ ನೆಪ, ಒಮ್ಮೆ ನೀರಿನ ಲೋಟದ ನೆಪ. ಪಟ್ಟಿಯ ಅಂಚಿನಲ್ಲಿ ಬಣ್ಣ ನೋಡುವುದು, ಬಗ್ಗಿ ಮೂಸುವುದು, ಹಣೆ ಮುಟ್ಟಿ ಜ್ವರವಿದೆಯೋ ಎಂದು ನೋಡುವುದು. ಹಣೆ ಮುಟ್ಟಿದರೆ ಬಿಸಿಯೋ ತಂಪೋ ಗೊತ್ತಾಗಲಿಲ್ಲ. ಗಾಬರಿಗೆ ಹಾಗಾಗಿದೆ ಎಂದುಕೊಂಡಳು. ಕಾರಿಡಾರಿನಲ್ಲಿ ಯಾರಾದರೂ ‘ಚಪ್ಪಲಿ’ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬೆಚ್ಚುತ್ತಿದ್ದಳು.

ಆರನೆಯ ಸಲ ಕಂಡಕ್ಟರೇ ಹೇಳಿದರು. “ಅಕ್ಕ, ಏನಾಯ್ತು ಅಂತ ನಂಗೊತ್ತು. ಕಾಲು ಸತ್ತಿದೆ, ತಲೆ ಸತ್ತಿಲ್ಲ. ಭಾನುವಾರ ಮಗಳು ಬಂದ್ರೆ ಚಪ್ಪಲಿ ಅಂತ ನಾನೇ ಹೇಳ್ತೀನಿ.”

“ಯಾಕೆ?”

“ನೀನು ಹೋದ್ರೆ ನನ್ನ ಮೈ ಮುಟ್ಟೋರು ಯಾರು? ಬರೋಳು ಕೇಳಿ ಮುಟ್ತಾಳಾ? ಸ್ವಾರ್ಥ ಕಣಕ್ಕ, ದೊಡ್ಡ ಮನಸ್ಸು ಅಂದ್ಕೋಬೇಡ.”

ಹಗುರಾಗಬೇಕಿತ್ತು. ನೀರಕ್ಕ ಸರಿಯಾಗೇ ಇದ್ದ ದಿಂಬನ್ನು ಮತ್ತೆ ಸರಿಪಡಿಸಿದಳು.

ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಸೊಸೆ ಮೂರು ತಿಂಗಳ ಕೂಸಿಗೆ ಸ್ನಾನದ ಸಿದ್ಧತೆ ಮಾಡುತ್ತಿದ್ದಳು. ನೀರಕ್ಕ ಅಭ್ಯಾಸಬಲದಿಂದ ಬೋಗುಣಿಗೆ ಅಂಗೈ ಅದ್ದಿ, “ಸರಿ ಇದೆ, ಮಗು ತಾ” ಎಂದಳು. ಸೊಸೆ ತೋಳು ಮಡಚಿ ಮೊಣಕೈ ತುದಿ ಇಟ್ಟವಳು ಹಾವು ಕಡಿದಂತೆ ಹಿಂದಕ್ಕೆಳೆದುಕೊಂಡಳು.

“ಅಯ್ಯೋ ಅತ್ತೆ! ಸುಡ್ತಿದೆ! ತಣ್ಣೀರು ಇನ್ನೂ ಬೆರ್ಸೇ ಇಲ್ಲ ನಾನು!”

ನೀರಕ್ಕ ಕೈ ಹಿಂದೆಗೆದು ಒರೆಸಿಕೊಂಡಳು. ಕೂಸನ್ನು ಒಳಗೆ ಮಲಗಿಸಲು ಹೇಳಿದಳು. ಎರಡು ಲೋಟ ತರಿಸಿದಳು, ಒಂದರಲ್ಲಿ ಬಿಸಿನೀರು, ಒಂದರಲ್ಲಿ ಬೆಚ್ಚಗಿನದು. ತಾನು ಗೋಡೆಗೆ ಮುಖ ಮಾಡಿ ಕೂತು, ಕೈ ಹಿಂದಕ್ಕೆ ಚಾಚಿ, “ಯಾವ್ದು ಯಾವ್ದು ಅಂತ ನಾನು ಹೇಳ್ತೀನಿ, ನೀನು ಲೋಟ ಬದಲಿಸಿ ಅಂಗೈಗೆ ತಾಗಿಸ್ತಾ ಇರು” ಎಂದಳು. ಹತ್ತು ಸಲ ಮಾಡಿದರು. ಹತ್ತರಲ್ಲಿ ಆರು ತಪ್ಪು. ಆಮೇಲೆ ಮೊಣಕೈ ಇಟ್ಟು ನೋಡಿದಳು. ಹತ್ತಕ್ಕೆ ಹತ್ತು ಸರಿ.

ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಇಪ್ಪತ್ತೆರಡು ವರ್ಷದ ಸುಡುನೀರು, ಸೋಪು, ನೆಲ ತೊಳೆಯುವ ಆಸಿಡ್. ಗೆರೆಗಳೇ ಅಳಿಸಿಹೋಗಿದ್ದವು. ಹದಿನಾರು ಮಂದಿಯ ಚರ್ಮ ಕಾದವಳ ಅಂಗೈ ದನದ ಗೊರಸಾಗಿತ್ತು, ಅದಕ್ಕೆ ಲೋಷನ್ ಹಚ್ಚು ಎಂದವರು ಯಾರೂ ಇರಲಿಲ್ಲ, ಅವಳೂ ಸೇರಿ.

ಆಗ ನೆನಪಾದದ್ದು ಕಂಡಕ್ಟರ ಕಾಲಲ್ಲ. ಮಾತು ಸತ್ತವರು ನಾಲ್ವರು. ಕಣ್ಣು ನೋಡಿ ಉತ್ತರ ತಿಳಿಯುತ್ತೇನೆ ಎಂದುಕೊಂಡಿದ್ದಳಲ್ಲ. ನೀರು ಬಿದ್ದಾಗ ಆ ಕಣ್ಣುಗಳು ಪಿಳುಕಿದ್ದು ಏನು ಹೇಳಲೆಂದು? ಒಬ್ಬಳು ಮಗ್ಗು ಕಂಡರೆ ಹೆಗಲು ಕುಗ್ಗಿಸುತ್ತಿದ್ದಳಲ್ಲ. ಎಷ್ಟು ತಿಂಗಳಿಂದ? ಎಷ್ಟು ಬೆನ್ನು?

“ಅತ್ತೆ, ಸುಮ್ನಿರಿ. ಚಪ್ಪಲಿ ಅಂತ ಹೇಳಿ ಮುಗೀತಲ್ಲ,” ಎಂದಳು ಸೊಸೆ. ಒಳಗೆ ಮಲಗಿದ್ದ ಗಂಡನ ಕಡೆ ಕಣ್ಣು ತೋರಿಸಿ ದನಿ ತಗ್ಗಿಸಿದಳು. “ಔಷಧಿ ಅಂಗಡಿಯವನು ಇನ್ನು ಸಾಲ ಕೊಡಲ್ಲ ಅಂದಿದ್ದಾನೆ.”

ನೀರಕ್ಕ ಎರಡೂ ಲೋಟದ ನೀರನ್ನು ಚೆಲ್ಲಿದಳು.

ಭಾನುವಾರ, ಹನ್ನೊಂದನೆಯ ತಾರೀಕು. ಕಂಡಕ್ಟರ ಮಗಳು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ವಾರವಿಡೀ ನಿಲ್ಲುವವಳು. ವಾರಕ್ಕೊಂದು ಅರ್ಧ ದಿನ ರಜೆ, ಅದನ್ನು ಅಪ್ಪನಿಗೆ ಕೊಡುತ್ತಿದ್ದಳು. ಬಂದವಳ ಕಣ್ಣು ಸೀದಾ ಪಟ್ಟಿಯ ಮೇಲೆ ಬಿತ್ತು.

“ಏನಿಲ್ಲಮ್ಮ,” ಎಂದಳು ಬೆನ್ನಿಗೇ ಬಂದಿದ್ದ ಮ್ಯಾನೇಜರಮ್ಮ. “ಹೊಸ ಚಪ್ಪಲಿ ಸ್ವಲ್ಪ ಕಚ್ಚಿದೆ. ಸಕ್ಕರೆ ಇದ್ದೋರಿಗೆ ಇದೆಲ್ಲ ಇದ್ದದ್ದೇ.”

“ನಾನು ತಂದ ಚಪ್ಪಲೀನಾ?”

“ಬಿಡಮ್ಮ, ಕಚ್ಚಿದ್ದು ಚಪ್ಪಲಿ ತಾನೇ, ನಾಯಿ ಅಲ್ವಲ್ಲ,” ಎಂದರು ಕಂಡಕ್ಟರು, ನೀರಕ್ಕನ ಕಡೆ ನೋಡದೆ.

ಮಗಳು ನಗಲಿಲ್ಲ. ಮಂಚದ ಕೆಳಗಿಂದ ಚಪ್ಪಲಿ ಎಳೆದು, ಒಳಗೆ ಬೆರಳಾಡಿಸಿ, ಎಲ್ಲಿ ಒತ್ತಿರಬಹುದೆಂದು ಹುಡುಕಿದಳು. “ಒಂದು ಸೈಜು ದೊಡ್ಡದು ತಗೊಳ್ಳಿ ಅಂತ ಅಂಗಡಿಯವನು ಬಡ್ಕೊಂಡ. ನಾನೇ ಜಾಣೆ ಥರ ಬೇಡ ಅಂದೆ. ನನ್ನ ಕೈಯಾರೆ ಅಪ್ಪನ ಕಾಲು…” ಚಪ್ಪಲಿ ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕೂತಳು.

ನೀರಕ್ಕ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಮಾತಾಡಿದರೆ ಮಗನ ಔಷಧಿ ಹೋಯಿತು. ಮಾತಾಡದಿದ್ದರೆ ಇವಳು ಬದುಕಿರುವವರೆಗೂ ಈ ಚಪ್ಪಲಿ ಎದೆಗವಚಿಕೊಂಡೇ ಇರುತ್ತಾಳೆ. ಬೆರಳು ಹೋದರಂತೂ ಮುಗಿಯಿತು.

“ಚಪ್ಪಲಿ ಅಲ್ಲಮ್ಮ. ನೀರು. ನಾನು ಹಾಕಿದ ನೀರು.”

“ನೀರಕ್ಕ!” ಎಂದಳು ಮ್ಯಾನೇಜರಮ್ಮ.

“ಬಿಸಿ ನೋಡದೆ ಹಾಕಿದ್ಯಾ?” ಮಗಳು ಎದ್ದು ನಿಂತಳು.

“ನೋಡೇ ಹಾಕಿದೆ. ಕೈಗೆ ಗೊತ್ತಾಗ್ಲಿಲ್ಲ. ಕೈ ಸತ್ತಿದೆ. ನಿನ್ನೆ ಗೊತ್ತಾಯ್ತು.”

“ಇಪ್ಪತ್ತು ವರ್ಷ ಇದೇ ಮಾಡಿದೋಳಿಗೆ ನಿನ್ನೆ ಗೊತ್ತಾಯ್ತಾ? ಗುರುವಾರದಿಂದ ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಹ್ಞೂಂ. ಹೆದರಿದ್ದೆ.” ನೀರಕ್ಕ ಟವೆಲ್ಲನ್ನು ಹಿಂಡುತ್ತಲೇ ಇದ್ದಳು, ಒಣ ಟವೆಲ್ಲನ್ನು. “ಬೈಯೋದು ಆಮೇಲೆ ಬೈಯಿ. ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗು. ಸುಟ್ಟ ಗಾಯ ಅಂತ ಹೇಳು. ಗೀಸರ್ ಕೆಟ್ಟು ಏಳು ತಿಂಗಳಾಯ್ತು ಅಂತ್ಲೂ ಹೇಳು.”

“ಸುಳ್ಳು! ಅದರ ಬಗ್ಗೆ ನನ್ನ ಹತ್ರ ಒಂದ್ಸಲಾನೂ ಬಂದಿಲ್ಲ ಇವ್ಳು!”

“ಮೂರು ಸಲ,” ಎಂಬ ದನಿ ಪಕ್ಕದ ಕೋಣೆಯಿಂದ ಬಂತು. ಟೀಚರಮ್ಮ ವಾಕರ್ ಒತ್ತಿಕೊಂಡು ಬಾಗಿಲಿಗೆ ಬಂದಿದ್ದಳು. “ಮೂರು ಸಲ ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದ್ದೀನಿ. ಮತ್ತೆ ನಾನು ಎರಡು ಸಲ ಸುಡ್ತಿದೆ ಅಂದೆ, ಈ ನೀರಕ್ಕ ಕೇಳ್ಲಿಲ್ಲ. ಇಬ್ರಿಗೂ ಸೊನ್ನೆ.”

ಅಂದೇ ಆಸ್ಪತ್ರೆಗೆ ಸೇರಿಸಿದರು. ಪಟ್ಟಿ ಬಿಚ್ಚಿದಾಗ ಅಂಚು ಕಪ್ಪಾಗಿತ್ತು. ಕಿರುಬೆರಳು ಹೋಯಿತು. ಇನ್ನೆರಡು ದಿನ ಚಪ್ಪಲಿಯ ಕಥೆ ನಂಬಿ ಕೂತಿದ್ದರೆ ಪಾದವೇ ಹೋಗುತ್ತಿತ್ತು ಎಂದರಂತೆ ಡಾಕ್ಟರು. ಗುರುವಾರವೇ ಬಂದಿದ್ದರೆ ಬೆರಳೂ ಉಳಿಯುತ್ತಿತ್ತೇ ಎಂದು ಮಗಳು ಕೇಳಿದಳು. ಡಾಕ್ಟರು ಕಾಗದ ನೋಡುತ್ತ ಸುಮ್ಮನಾದರು. ಆ ಮೌನ ನೀರಕ್ಕನಿಗೆ ತಲುಪಿದೆ, ಅವಳ ಪಾಲಿಗೆ ಅದು ಮುಗಿಯುವುದಿಲ್ಲ.

ಸೋಮವಾರ ಬೆಳಿಗ್ಗೆ ರಿಪೇರಿಯವನು ಬಂದು ಇಪ್ಪತ್ತು ನಿಮಿಷದಲ್ಲಿ ಗೀಸರ್ ಸರಿಮಾಡಿ ಹೋದ. ಏಳು ತಿಂಗಳು ಸಿಗದ ಮಂಜೂರಾತಿ ಒಂದೇ ಬೆಳಿಗ್ಗೆ ಸಿಕ್ಕಿತು. ಅದೇ ಬೆಳಿಗ್ಗೆ ನೀರಕ್ಕನಿಗೆ ಗೇಟು ಮುಚ್ಚಿತು. ಆ ತಿಂಗಳು ಒಂದರಿಂದ ಹನ್ನೊಂದರವರೆಗೆ ದುಡಿದ ಕೂಲಿಯನ್ನು ‘ಸಂಸ್ಥೆಗಾದ ನಷ್ಟಕ್ಕೆ’ ಹಿಡಿದುಕೊಂಡರು. ಥರ್ಮೋಸ್ಟಾಟಿನ ಬದಲಿಗೆ ಏಳು ತಿಂಗಳು ಬಳಸಿದ ಕೈ ಅವರದಾಗಿತ್ತು. ಕೆಟ್ಟ ದಿನ ಅದು ಮತ್ತೆ ನೀರಕ್ಕನದಾಯಿತು.

ಈಗ ಆಕೆ ಐದು ಮನೆಗಳಿಗೆ ಹೋಗಿ ಸ್ನಾನ ಮಾಡಿಸುತ್ತಾಳೆ. ತೋಳು ಮೇಲೇರಿಸಿ ಮೊದಲು ಮೊಣಕೈ ಇಡುತ್ತಾಳೆ, ಆಮೇಲೆ ಸ್ನಾನ ಮಾಡುವವರ ಕೈಯನ್ನೇ ಹಿಡಿದು ನೀರಿಗೆ ಮುಟ್ಟಿಸಿ, “ಸರಿ ಇದೆಯಾ?” ಎಂದು ಕೇಳುತ್ತಾಳೆ. ಉತ್ತರ ಬಂದ ಮೇಲೂ ಇನ್ನೊಮ್ಮೆ ಮೊಣಕೈ ಇಡುತ್ತಾಳೆ.

ಐದರಲ್ಲಿ ಒಂದು ಕಂಡಕ್ಟರ ಮಗಳ ಎರಡು ಕೋಣೆಯ ಮನೆ. ಆಸ್ಪತ್ರೆಯಿಂದ ಅಪ್ಪನನ್ನು ಅವಳು ಸೀದಾ ಅಲ್ಲಿಗೇ ಕರೆತಂದಳು. ಬೇರೆ ಯಾರು ಬಂದರೂ ಅಂಗಿ ಬಿಚ್ಚುವುದಿಲ್ಲ ಎಂದು ಮುದುಕ ಹಟ ಹಿಡಿದದ್ದಕ್ಕೆ ಕರೆಸಿದ್ದು, ಕ್ಷಮಿಸಿಯಲ್ಲ. ಮಂಗಳವಾರ, ಶುಕ್ರವಾರ ನೀರಕ್ಕ ನೀರು ಬೆರೆಸುವಾಗ ಮಗಳು ಅಂಗಡಿಗೆ ಹೋಗುವ ಮುನ್ನ ಥರ್ಮಾಮೀಟರ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಾಳೆ. ಅದ್ದಿ ನೋಡುತ್ತಾಳೆ. ಮೂವತ್ತೇಳು ದಾಟಿದ್ದರೆ ತಾನೇ ತಣ್ಣೀರು ಸುರಿಯುತ್ತಾಳೆ. ಕಂಡಕ್ಟರು ನಾಲ್ಕು ಬೆರಳಿನ ಬಲಗಾಲನ್ನು ಚಾಚಿ, “ಒಂದು ಸೀಟು ಖಾಲಿ ಇದೆ, ರೈಟ್!” ಎನ್ನುತ್ತಾರೆ. ಇಬ್ಬರು ಹೆಂಗಸರೂ ನಗುವುದಿಲ್ಲ.

ಹನ್ನೊಂದು ದಿನದ ಕೂಲಿ ಆ ವಯಸ್ಸಾದವರ ಮನೆಯ ಆಡಳಿತದವರು ಕೊಡಬೇಕು, ಕೊಡುವವರೆಗೂ ನೀರಕ್ಕನ ಜೊತೆ ನಾವೂ ಕೇಳುತ್ತೇವೆ. ಆದರೆ ಇದನ್ನು ಓದುತ್ತ ‘ಅಯ್ಯೋ ಪಾಪ’ ಎಂದವರೇ, ನಿಮ್ಮಿಂದಲೂ ಬರಬೇಕಾದದ್ದಿದೆ. ನಿಮ್ಮ ಮನೆಯಲ್ಲೋ, ನೀವು ದುಡ್ಡು ಕಟ್ಟಿ ಬಿಟ್ಟುಬಂದ ಮನೆಯಲ್ಲೋ, ಒಬ್ಬರು ಹಿರಿಯರನ್ನು ನಾಳೆ ಬೆಳಿಗ್ಗೆ ಯಾರೋ ಸ್ನಾನಕ್ಕೆ ಕೂರಿಸುತ್ತಾರೆ. ಹೋಗಿ. ಅಂಗಿಯ ತೋಳು ಮಡಚಿ ಆ ನೀರಿಗೆ ನಿಮ್ಮ ಮೊಣಕೈ ಅದ್ದಿ. ಬಗ್ಗಿ ಕಾಲ್ಬೆರಳ ಸಂದಿ ನೋಡಿ, ಹಿಮ್ಮಡಿ ನೋಡಿ, ಬೆನ್ನು ನೋಡಿ. ಆಮೇಲೆ ಸ್ನಾನ ಮಾಡಿಸುವವಳ ಅಂಗೈಯನ್ನು ನಿಮ್ಮ ಕೈಯಲ್ಲಿ ಹಿಡಿದು ‘ಬಿಸಿ ತಿಳಿಯುತ್ತಾ?’ ಎಂದು ಕೇಳಿ. ಇಲ್ಲ ಎಂದರೆ ಅವಳನ್ನು ಕೆಲಸದಿಂದ ಬಿಡಿಸಬೇಡಿ. ಗೀಸರ್ ರಿಪೇರಿ ಮಾಡಿಸಿ. ಅಂದೇ ಮಾಡಿಸಿ.